ತಕ್ಕಡಿಯೇ ಕಾಣದ ಡ್ರಗ್ಸ್ ಸಿನಿಮಾ

ಹೋದ ಭಾನುವಾರ ಅಕ್ಕನ ಮಗನ ಜೊತೆ ಒಂದು ಸಿನಿಮಾಕ್ಕೆ ಹೋಗಿದ್ದೆ. ಡ್ರಗ್ಸ್ ಕಾರ್ಟೆಲ್ ಕಥೆ. ಎರಡೂವರೆ ಗಂಟೆ ಗುಂಡು, ರಕ್ತ, ಬೆಂಕಿ. ಹೊರಗೆ ಬಂದು ಟ್ಯಾಕ್ಸಿ ಕಾಯುವಾಗ ಅವನು ಕೇಳಿದ, "ಮಾವ, ನಿಮ್ಮ ಕೇಸುಗಳೂ ಹೀಗೇ ಇರ್ತವಾ?"

ನಾನು ಮುಂಬೈ ಸೆಷನ್ಸ್ ಕೋರ್ಟಿನಲ್ಲಿ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತು ತಡೆ ಕಾಯ್ದೆಯ ಕೇಸು ನಡೆಸುವ ವಕೀಲ. ಆ ಸಿನಿಮಾದಲ್ಲಿ ಡಾನ್ ಪೊಟ್ಟಣ ಹರಿದು, ಬೆರಳಿನಿಂದ ರುಚಿ ನೋಡಿ ತಲೆಯಾಡಿಸುತ್ತಾನೆ. ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ತೂಕದ್ದು. ಇಡೀ ಸಿನಿಮಾದಲ್ಲಿ ಒಂದು ತಕ್ಕಡಿಯೂ ಕಾಣಲಿಲ್ಲ.

1985ರ ಈ ಕಾಯ್ದೆಯಲ್ಲಿ ಶಿಕ್ಷೆ ತೂಕದ ಮೇಲೆ ನಿಂತಿದೆ. ಗಾಂಜಾ 1 ಕೆಜಿ ತನಕ ಸಣ್ಣ ಪ್ರಮಾಣ, 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ. ಹೆರಾಯಿನ್‌ಗೆ ಈ ಗೆರೆಗಳು 5 ಗ್ರಾಂ ಮತ್ತು 250 ಗ್ರಾಂ. ಮುಂಬೈ ಹುಡುಗರು 'ಎಂಡಿ' ಎನ್ನುವ ಅಮಲಿನ ಪುಡಿ ಮೆಫೆಡ್ರೋನ್‌ಗೆ 2 ಗ್ರಾಂ ಮತ್ತು 50 ಗ್ರಾಂ. 50 ಗ್ರಾಂ ಅಂದರೆ ಕಿರಾಣಿ ಅಂಗಡಿಯ ಸಣ್ಣ ಅರಿಶಿನ ಪ್ಯಾಕೆಟ್. ಅಷ್ಟು ದಾಟಿದರೆ ಕಡಿಮೆ ಅಂದರೂ 10 ವರ್ಷ, ಜಾಸ್ತಿ ಅಂದರೆ 20. ಅದರಲ್ಲಿ ಅರ್ಧ ಬರೀ ಕಲಬೆರಕೆ ಪುಡಿ ಅಂತ ವಾದಿಸಿ ಉಪಯೋಗವಿಲ್ಲ. ಬೆರಕೆಯ ತೂಕವೂ ಲೆಕ್ಕಕ್ಕೆ ಸೇರುತ್ತದೆ ಅಂತ 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನನ್ನ ಒಬ್ಬ ಕಕ್ಷಿದಾರ, 19ರ ಹುಡುಗ. ಅಪ್ಪ ಅಮ್ಮ ವಿಜಯಪುರ ಕಡೆಯಿಂದ ದುಡಿಯಲು ಬಂದವರು. ಬ್ಯಾಗ್ ತಲುಪಿಸಿದರೆ ಮೂರು ಸಾವಿರ ಅಂತ ಯಾರೋ ಹೇಳಿದ್ದರು. ಪೊಲೀಸರು ಸಾಕ್ಷಿಗಳ ಎದುರು ಬರೆದ ಜಪ್ತಿ ದಾಖಲೆ, ಅಂದರೆ ಪಂಚನಾಮೆಯಲ್ಲಿ ಇದ್ದದ್ದು 52 ಗ್ರಾಂ ಎಂಡಿ. ಗೆರೆಗಿಂತ ಎರಡೇ ಗ್ರಾಂ ಮೇಲೆ! ವಾಣಿಜ್ಯ ಪ್ರಮಾಣವಾದರೆ 37ನೇ ಕಲಂ ಅಡ್ಡ ಬರುತ್ತದೆ. ವಿಚಾರಣೆ ಶುರುವಾಗುವ ಮೊದಲೇ, ಇವನು ತಪ್ಪಿತಸ್ಥನಲ್ಲ ಅಂತ ನಂಬಲು ಕಾರಣವಿದೆ ಎಂದು ಜಡ್ಜ್‌ಗೆ ಅನಿಸಬೇಕು. ಇಲ್ಲದಿದ್ದರೆ ಜಾಮೀನು ಇಲ್ಲ. ಚಾರ್ಜ್‌ಶೀಟ್ ಹಾಕಲು ಪೊಲೀಸರಿಗೇ 180 ದಿನ ಸಮಯವಿರುತ್ತದೆ.

ಪಂಚರಲ್ಲಿ, ಅಂದರೆ ಆ ಸಾಕ್ಷಿಗಳಲ್ಲಿ, ಒಬ್ಬ ಕುಂದಾಪುರ ಕಡೆಯವನು, ಹತ್ತಿರದ ಉಡುಪಿ ಹೋಟೆಲಿನ ವೇಟರ್. ಟೇಬಲ್ ಒರೆಸುತ್ತಿದ್ದವನನ್ನು ರಾತ್ರಿ ಕರೆದೊಯ್ದಿದ್ದರು. ಮರಾಠಿಯ ಪಂಚನಾಮೆಗೆ ಕನ್ನಡದಲ್ಲಿ ಸಹಿ ಮಾಡಿದ್ದ. ಆ ಪಂಚನಾಮೆಯನ್ನು ಎಷ್ಟು ಸಲ ಓದಿದೆನೋ. ಕೊನೆಗೊಂದು ರಾತ್ರಿ ಒಂದು ಸಾಲು ಕಣ್ಣಿಗೆ ಬಿತ್ತು. ತೂಗಿದ್ದು ಪ್ಲಾಸ್ಟಿಕ್ ಕವರಿನ ಸಮೇತ! ಪೂರ್ತಿ ಪೊಟ್ಟಣ ಸೀಲಾಗಿ ಕಲೀನಾದ ಫೊರೆನ್ಸಿಕ್ ಲ್ಯಾಬಿಗೆ ಹೋಗಿತ್ತು. ಅಲ್ಲಿಂದ ಬಂದ ರಾಸಾಯನಿಕ ಪರೀಕ್ಷೆಯ ರಿಪೋರ್ಟಿನಲ್ಲಿ ಬರೀ ಪುಡಿಯ ತೂಕ 47 ಗ್ರಾಂ. ವಾಣಿಜ್ಯ ಪ್ರಮಾಣ ಅಲ್ಲ. ಏಳು ತಿಂಗಳ ಮೇಲೆ ಹುಡುಗನಿಗೆ ಜಾಮೀನು ಸಿಕ್ಕಿತು.

ಕೇಸು ಇನ್ನೂ ನಡೀತಿದೆ. ಕಾಯ್ದೆಯ 35 ಮತ್ತು 54ನೇ ಕಲಂ ಪ್ರಕಾರ ಮಾಲು ಅವನ ಹತ್ತಿರ ಸಿಕ್ಕಿದ್ದು ಸಾಬೀತಾದರೆ, ನನಗೆ ಗೊತ್ತಿರಲಿಲ್ಲ ಅಂತ ತೋರಿಸುವ ಹೊಣೆ ಅವನದೇ. ಬ್ಯಾಗ್ ಕೊಟ್ಟವನು ಯಾರು? ಹುಡುಗನಿಗೆ ಗೊತ್ತಿದ್ದದ್ದು ಒಂದು ಮೊಬೈಲ್ ನಂಬರ್, ಅದೂ ಈಗ ಬಂದ್. ಸಿನಿಮಾದ ಕ್ಯಾಮೆರಾ ಡಾನ್‌ನ ಹಿಂದೆಯೇ ಓಡುತ್ತದೆ. ಬ್ಯಾಗ್ ಹೊತ್ತ ಹುಡುಗರು ಇಂಟರ್ವಲ್‌ಗೆ ಮುಂಚೆಯೇ ಸತ್ತು ಬೀಳುತ್ತಾರೆ, ಅವರಿಗೆ ಹೆಸರೂ ಇರುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ಅಲ್ಲೇ. ನಾನು ಜೈಲಿಗೆ ಹೋಗಿ ಮಾತಾಡಿಸುವುದು ಅವರನ್ನೇ ಅಲ್ವಾ?

ಇದನ್ನೆಲ್ಲ ಅಕ್ಕನ ಮಗನಿಗೆ ಹೇಳಿದೆ. "ಸುಮ್ನೆ ಸೇದುವವರಿಗೂ ಇಷ್ಟೇ ಶಿಕ್ಷೆನಾ?" ಅಂದ. ಇಲ್ಲ. ಚಟಕ್ಕೆ ಬಿದ್ದವನ ಮೇಲೆ ಬರೀ ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸಿದ್ದು, ಅವನೇ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ, 64ಎ ಕಲಂ ಅವನನ್ನು ಆ ಕೇಸಿನಿಂದ ಕಾಪಾಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಮಾಟುಂಗಾ, ಡೊಂಬಿವಲಿಯ ನಮ್ಮವರು ಮಕ್ಕಳ ವಿಷಯಕ್ಕೆ ಫೋನ್ ಮಾಡಿದಾಗ ನಾನು ಮೊದಲು ಹೇಳುವುದು ಇದನ್ನೇ. ನಾಚಿಕೆಪಟ್ಟು ತಡ ಮಾಡಬೇಡಿ, ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡಿ.