ಮಳೆಯಲ್ಲಿ ಮುಂದಿನ ಬ್ರೇಕ್ ಹಿಡಿಯಲೇಬಾರದಾ?

ಓದುಗರ ಪ್ರಶ್ನೆ: ನಾನು ದಿನಾ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಗಾಡಿ ಕಲಿಸಿದವರು "ಮಳೆ ಬಂದಾಗ ಮುಂದಿನ ಬ್ರೇಕ್ ಮುಟ್ಟಲೇಬೇಡ, ಜಾರಿ ಬೀಳ್ತೀಯ, ಹಿಂದಿನದು ಮಾತ್ರ ಹಿಡಿ" ಅಂದಿದ್ದರು. ಆದರೆ ಹಿಂದಿನದೊಂದನ್ನೇ ಹಿಡಿದರೆ ಗಾಡಿ ಬೇಗ ನಿಲ್ಲುವುದೇ ಇಲ್ಲ. ಯಾವುದು ಸರಿ?

ಉತ್ತರ: ಎರಡೂ ಬ್ರೇಕ್ ಹಿಡಿಯಬೇಕು. ಮಳೆಯಲ್ಲೂ ಅಷ್ಟೇ. ಕೈ ಮಾತ್ರ ಮೆತ್ತಗಿರಬೇಕು.

ಹಾಗಂತ ನಿಮಗೆ ಗಾಡಿ ಕಲಿಸಿದವರು ಸುಮ್ನೆ ಹೆದರಿಸಿದರು ಅಂತಲ್ಲ. ಆ ಭಯಕ್ಕೆ ಕಾರಣ ಇದೆ. ಹಿಂದಿನ ಚಕ್ರ ಲಾಕ್ ಆದರೆ, ಅಂದರೆ ತಿರುಗುವುದು ನಿಂತು ಜಾರತೊಡಗಿದರೆ, ಗಾಡಿಯ ಹಿಂಭಾಗ ಅತ್ತಿತ್ತ ಹೊಯ್ದಾಡುತ್ತದೆ. ನೇರ ರಸ್ತೆಯಲ್ಲಿ ಬ್ರೇಕ್ ಸ್ವಲ್ಪ ಸಡಿಲ ಬಿಟ್ಟರೆ ಎಷ್ಟೋ ಸಲ ಸುಧಾರಿಸಿಕೊಳ್ಳಬಹುದು. ಮುಂದಿನ ಚಕ್ರ ಲಾಕ್ ಆದರೆ ಹಾಗಲ್ಲ. ತಿರುಗದ ಚಕ್ರಕ್ಕೆ ದಿಕ್ಕು ಕೊಡುವ ಶಕ್ತಿ ಇರುವುದಿಲ್ಲ. ಹ್ಯಾಂಡಲ್ ಎತ್ತ ತಿರುಗಿಸಿದರೂ ಗಾಡಿ ಕೇಳುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ನೆಲದ ಮೇಲಿರುತ್ತೀರಿ. ಹೀಗೆ ಬಿದ್ದವರನ್ನು ಕಂಡವರು "ಮುಟ್ಟಲೇಬೇಡ" ಅಂತ ಹೇಳುವುದು ಸಹಜ ಅಲ್ವಾ?

ಆದರೆ ಬೀಳಿಸಿದ್ದು ಮುಂದಿನ ಬ್ರೇಕ್ ಅನ್ನು ಒಮ್ಮೆಲೇ ಕಚಕ್ ಅಂತ ಹಿಡಿದದ್ದು. ಆ ವ್ಯತ್ಯಾಸ ಅರ್ಥವಾಗಬೇಕಾದರೆ ಗಾಡಿ ನಿಲ್ಲುವಾಗ ಅದರ ಭಾರ ಎಲ್ಲಿಗೆ ಹೋಗುತ್ತದೆ ಅಂತ ನೋಡಬೇಕು.

ಬಸ್ಸಿನಲ್ಲಿ ನಿಂತಿದ್ದಾಗ ಡ್ರೈವರ್ ಬ್ರೇಕ್ ಹಾಕಿದರೆ ನೀವು ಮುಂದಕ್ಕೆ ಮುಗ್ಗರಿಸುತ್ತೀರಿ. ಗಾಡಿಯಲ್ಲೂ ಅದೇ ಆಗುತ್ತದೆ. ಬ್ರೇಕ್ ಹಿಡಿದ ಕೂಡಲೇ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನದು ಹಗುರವಾಗುತ್ತದೆ. ಭಾರ ಬಿದ್ದ ಟೈರು ರಸ್ತೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಹಗುರವಾದದ್ದು ಬೇಗ ಜಾರುತ್ತದೆ. ಒಣ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ನಿಲ್ಲಿಸುವ ಕೆಲಸದಲ್ಲಿ ಸುಮಾರು 70 ಭಾಗ ಮುಂದಿನದೇ. ಮಳೆಯಲ್ಲಿ ನಾವು ಅಷ್ಟು ಜೋರಾಗಿ ಬ್ರೇಕ್ ಹಾಕಲಾಗುವುದಿಲ್ಲ, ಹಾಗಾಗಿ ಭಾರವೂ ಅಷ್ಟಾಗಿ ಮುಂದಕ್ಕೆ ಬರುವುದಿಲ್ಲ. ಒಣ ರಸ್ತೆಗಿಂತ ಹಿಂದಿನ ಬ್ರೇಕಿಗೆ ಕೆಲಸ ಸ್ವಲ್ಪ ಜಾಸ್ತಿ ಸಿಗುತ್ತದೆ. ಆದರೂ ದೊಡ್ಡ ಪಾಲು ಮುಂದಿನದಕ್ಕೇ.

ಒಂದು ಸಣ್ಣ ಲೆಕ್ಕ ನೋಡಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ, ಒಳ್ಳೆಯ ಒಣ ರಸ್ತೆಯಲ್ಲಿ, ಎರಡೂ ಬ್ರೇಕ್ ಸರಿಯಾಗಿ ಹಿಡಿದರೆ ಗಾಡಿ ಸುಮಾರು 8 ಮೀಟರಿನಲ್ಲಿ ನಿಲ್ಲಬಲ್ಲದು. ಒದ್ದೆ ರಸ್ತೆಯಲ್ಲಿ ಅದೇ 12–13 ಮೀಟರ್ ಆಗುತ್ತದೆ. ಅದೇ ಒದ್ದೆ ರಸ್ತೆಯಲ್ಲಿ ಹಿಂದಿನ ಬ್ರೇಕ್ ಒಂದನ್ನೇ ನಂಬಿದರೆ 25 ಮೀಟರ್ ದಾಟುತ್ತದೆ. ಅಂದರೆ ಎರಡು ಪಟ್ಟಿಗೂ ಜಾಸ್ತಿ. ಇದಕ್ಕೆ ನೀವು ಅಪಾಯ ಕಂಡು ಕೈ ಲಿವರಿಗೆ ಹೋಗುವ ಸಮಯವನ್ನೂ ಸೇರಿಸಿ. ಒಂದು ಸೆಕೆಂಡ್ ಅಂದರೂ ಗಾಡಿ ಆಗಲೇ 11 ಮೀಟರ್ ಮುಂದೆ ಹೋಗಿರುತ್ತದೆ. ಗಾಡಿ ಬೇಗ ನಿಲ್ಲುವುದೇ ಇಲ್ಲ ಅಂತ ನಿಮಗೆ ಅನಿಸಿದ್ದು ನಿಜವೇ.

ನಾನೂ ವರ್ಷಗಟ್ಟಲೆ ಮಳೆಯಲ್ಲಿ ಹಿಂದಿನ ಬ್ರೇಕ್ ಮಾತ್ರ ತುಳಿಯುತ್ತಿದ್ದೆ. ಒಂದು ಸಂಜೆ, ಜಿಟಿಜಿಟಿ ಮಳೆ. ಮುಂದಿದ್ದ ಕಾರು ಇದ್ದಕ್ಕಿದ್ದ ಹಾಗೆ ನಿಂತಿತು. ಪೆಡಲ್ ತುಳಿದೆ. ಹಿಂದಿನ ಚಕ್ರ ನಿಂತೇ ಹೋಯಿತು, ಆದರೆ ಗಾಡಿ ನಿಲ್ಲಲಿಲ್ಲ. ಹಿಂಭಾಗ ಬಲಕ್ಕೆ ಜಾರುತ್ತಾ ಹೋಗಿ ಕಾರಿನ ಬಂಪರಿಗೆ ಗುದ್ದಿತು. ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಮುಂದಿನ ಬ್ರೇಕಿನ ಲಿವರ್ ಬೆರಳಿನ ಕೆಳಗೇ ಇತ್ತು, ನಾನು ಅದನ್ನು ಮುಟ್ಟಲೇ ಇಲ್ಲ. ಇವತ್ತಿಗೂ ಅದು ನೆನಪಾಗುತ್ತದೆ.

ಈಗ ಹಿಡಿಯುವ ರೀತಿಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಮೊದಲು ಆಕ್ಸಿಲರೇಟರ್ ಪೂರ್ತಿ ಬಿಡಿ. ಹಿಂದಿನ ಬ್ರೇಕ್ ಹಗುರವಾಗಿ ಮುಟ್ಟಿ, ಅದರ ಜೊತೆಜೊತೆಗೇ ಮುಂದಿನ ಲಿವರಿನ ಸಡಿಲವನ್ನು ಎರಡು ಬೆರಳಲ್ಲಿ ಎಳೆದುಕೊಳ್ಳಿ. ಈ ಹಂತದಲ್ಲಿ ಗಾಡಿ ಹೆಚ್ಚೇನೂ ನಿಧಾನವಾಗುವುದಿಲ್ಲ, ಮುಂಭಾಗ ಸ್ವಲ್ಪ ತಗ್ಗುತ್ತದೆ ಅಷ್ಟೇ. ತಗ್ಗಿತು ಅಂದರೆ ಭಾರ ಮುಂದಕ್ಕೆ ಬಂತು, ಟೈರು ರಸ್ತೆಯನ್ನು ಒತ್ತಿ ಹಿಡಿಯಿತು. ಆಮೇಲೆ ಒತ್ತಡ ಹೆಚ್ಚಿಸುತ್ತಾ ಹೋಗಿ, ಒದ್ದೆ ಬಟ್ಟೆ ಹಿಂಡಿದ ಹಾಗೆ. ಇದಕ್ಕೆಲ್ಲ ಅರ್ಧ ಸೆಕೆಂಡ್ ಜಾಸ್ತಿ ಹಿಡಿಯಬಹುದು. ಭಾರ ಮುಂದಕ್ಕೆ ಬರುವ ಮೊದಲೇ ಲಿವರ್ ಪೂರ್ತಿ ಎಳೆದರೆ ಹಗುರ ಟೈರು ಒದ್ದೆ ನೆಲದ ಮೇಲೆ ನಿಂತುಬಿಡುತ್ತದೆ. ಜನ ಬೀಳುವುದು ಹೆಚ್ಚಾಗಿ ಇಲ್ಲೇ. ಚಕ್ರ ಜಾರಿದ ಹಾಗೆ ಅನಿಸಿತಾ? ತಕ್ಷಣ ಬಿಟ್ಟು, ಮತ್ತೆ ಮೆತ್ತಗೆ ಹಿಡಿಯಿರಿ.

ಗೇರ್ ಬೈಕಾದರೆ ಕ್ಲಚ್ ಮೊದಲೇ ಹಿಡಿದುಬಿಡಬೇಡಿ. ಎಂಜಿನ್ನೂ ಗಾಡಿಯನ್ನು ತಡೆದು ನಿಧಾನ ಮಾಡುತ್ತದೆ. ಗೇರ್ ಇಳಿಸಿ ಕ್ಲಚ್ ಬಿಡುವುದು ಮಾತ್ರ ನಯವಾಗಿರಲಿ, ಜರ್ಕ್ ಹೊಡೆದರೆ ಹಿಂದಿನ ಚಕ್ರ ಜಾರುತ್ತದೆ.

ಇದೆಲ್ಲ ಗಾಡಿ ನೆಟ್ಟಗೆ ಇದ್ದಾಗಿನ ಮಾತು. ತಿರುವಿನಲ್ಲಿ ಗಾಡಿ ವಾಲಿರುವಾಗ ಟೈರು ತನ್ನ ಹಿಡಿತದ ಒಂದು ಭಾಗವನ್ನು ತಿರುಗುವುದಕ್ಕೇ ಖರ್ಚು ಮಾಡುತ್ತಿರುತ್ತದೆ. ಬ್ರೇಕಿಗೆ ಉಳಿಯುವುದು ಕಡಿಮೆ. ಹಾಗಾಗಿ ತಿರುವಿಗೆ ಮೊದಲೇ, ನೇರ ಇರುವಾಗಲೇ ವೇಗ ಇಳಿಸಿಕೊಳ್ಳಿ.

ಕೆಲವು ಕಡೆ ಎಷ್ಟೇ ಮೆತ್ತಗೆ ಹಿಡಿದರೂ ಟೈರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ರಸ್ತೆಗೆ ಬಳಿದ ಬಿಳಿ ಬಣ್ಣದ ಪಟ್ಟೆ, ಚರಂಡಿಯ ಕಬ್ಬಿಣದ ಮುಚ್ಚಳ, ರೈಲು ಹಳಿ, ಒದ್ದೆ ಎಲೆಗಳು, ಲಾರಿ ಚಕ್ರದಿಂದ ಬಿದ್ದ ಕೆಸರು. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಮಿನುಗಿದರೆ ಅದು ಎಣ್ಣೆ. ಇವುಗಳ ಮೇಲೆ ಬ್ರೇಕ್ ಹಿಡಿಯದೆ, ಹ್ಯಾಂಡಲ್ ತಿರುಗಿಸದೆ, ಒಂದೇ ವೇಗದಲ್ಲಿ ದಾಟಿ. ಬ್ರೇಕ್ ಕೆಲಸ ಅದಕ್ಕೂ ಮೊದಲೇ ಮುಗಿದಿರಬೇಕು. ಬಿಸಿಲು ಕಾಲ ಮುಗಿದು ಬೀಳುವ ಮೊದಲ ಮಳೆ ಇನ್ನೂ ಕೆಟ್ಟದ್ದು. ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳು, ಟೈರಿನ ಪುಡಿ ನೀರಲ್ಲಿ ಕಲಸಿ ಲೋಳೆಯಾಗುತ್ತದೆ. ಒಂದಷ್ಟು ಹೊತ್ತು ಜೋರು ಮಳೆ ಹೊಡೆದರೆ ಅದು ತೊಳೆದು ಹೋಗುತ್ತದೆ. ನಾಲ್ಕು ಹನಿ ತಾನೇ ಅಂತ ಅದೇ ವೇಗದಲ್ಲಿ ಹೋಗುವ ಆ ಮೊದಲ ನಿಮಿಷಗಳೇ ನನಗೆ ಹೆಚ್ಚು ಭಯ ಹುಟ್ಟಿಸುತ್ತವೆ.

ನೀರು ಬ್ರೇಕಿಗೂ ನುಗ್ಗುತ್ತದೆ. ಡಿಸ್ಕ್ ಬ್ರೇಕಾದರೆ ತಟ್ಟೆಯ ಮೇಲಿನ ನೀರು ಒರೆಸಿ ಹೋಗುವವರೆಗೆ ಕ್ಷಣಕಾಲ ಹಿಡಿಯುವುದೇ ಇಲ್ಲ. ಹಿಡಿಯಲಿಲ್ಲ ಅಂತ ಇನ್ನೂ ಜೋರಾಗಿ ಎಳೆದರೆ, ಒರೆಸಿಹೋದ ಕ್ಷಣ ಗಕ್ಕನೆ ಹಿಡಿದುಬಿಡುತ್ತದೆ. ಇಲ್ಲೂ ಮೆತ್ತನೆ ಕೈಯೇ ಕಾಪಾಡುವುದು. ಡ್ರಮ್ ಬ್ರೇಕಿಗೆ ಸಾಮಾನ್ಯ ಮಳೆ ಅಷ್ಟಾಗಿ ತಟ್ಟುವುದಿಲ್ಲ, ಆದರೆ ಚಕ್ರ ಮುಳುಗುವಷ್ಟು ನೀರಲ್ಲಿ ಹಾಯ್ದರೆ ಒಳಗೆ ಹೋದ ನೀರು ಬೇಗ ಹೊರಗೆ ಬರುವುದಿಲ್ಲ. ನಿಂತ ನೀರು ದಾಟಿದ ಮೇಲೆ ನಿಧಾನವಾಗಿ ಹೋಗುತ್ತಾ ಎರಡೂ ಬ್ರೇಕ್ ಹಗುರವಾಗಿ ನಾಲ್ಕೈದು ಸಲ ಹಿಡಿದು ಬಿಡಿ. ಆ ಬಿಸಿಗೆ ಒಣಗುತ್ತದೆ. ಸಾಧ್ಯವಾದರೆ ತಳ ಕಾಣದ ನೀರಿಗೆ ಇಳಿಯಲೇಬೇಡಿ. ಸ್ಕೂಟರಿನ 10 ಇಂಚಿನ ಚಕ್ರಕ್ಕೆ ಸಣ್ಣ ಗುಂಡಿಯೂ ದೊಡ್ಡದೇ.

ನಿಮ್ಮ ಸ್ಕೂಟರಿನಲ್ಲಿ ಕಾಂಬಿ ಬ್ರೇಕ್ ಇದೆಯಾ ನೋಡಿಕೊಳ್ಳಿ. ಇದ್ದರೆ ಎಡಗೈ ಲಿವರ್ ಹಿಡಿದಾಗ ಹಿಂದಿನದರ ಜೊತೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಹಿಂದಿನ ಬ್ರೇಕ್ ಮಾತ್ರ ಹಿಡಿಯುತ್ತೇನೆ ಅಂದುಕೊಂಡ ಎಷ್ಟೋ ಜನ ಗೊತ್ತಿಲ್ಲದೆ ಎರಡನ್ನೂ ಬಳಸುತ್ತಿರುತ್ತಾರೆ. ಎಬಿಎಸ್ ಇದ್ದರೆ ಇನ್ನೂ ನೆಮ್ಮದಿ. ಅದು ಚಕ್ರ ಲಾಕ್ ಆಗುವುದನ್ನು ಗುರುತಿಸಿ ಬ್ರೇಕನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿಯುತ್ತದೆ. 1988ರಲ್ಲಿ ಬಿಎಂಡಬ್ಲ್ಯೂ ತನ್ನ ಕೆ100 ಬೈಕುಗಳಿಗೆ ಇದನ್ನು ಕೊಟ್ಟಿತು. ಲಿವರ್ ಕೈಯಲ್ಲಿ ನಡುಗಿದರೆ ಹೆದರಿ ಬಿಡಬೇಡಿ, ಅದು ಕೆಲಸ ಮಾಡುತ್ತಿದೆ ಅಂತ ಅರ್ಥ. ಆದರೆ ರಸ್ತೆಯಲ್ಲಿ ಇಲ್ಲದ ಹಿಡಿತವನ್ನು ಎಬಿಎಸ್ ತಂದುಕೊಡುವುದಿಲ್ಲ. ಕೆಲವು ಗಾಡಿಗಳಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ ಇರುತ್ತದೆ.

ಟೈರಿನ ಗೀರುಗಳು ಇರುವುದೇ ನೀರನ್ನು ಪಕ್ಕಕ್ಕೆ ತಳ್ಳುವುದಕ್ಕೆ. ಟೈರಿನ ಪಕ್ಕದಲ್ಲಿ ಟಿಡಬ್ಲ್ಯೂಐ (TWI) ಅಂತ ಸವೆತ ತೋರಿಸುವ ಗುರುತು ಇರುತ್ತದೆ. ಅದರ ನೇರಕ್ಕೆ ಗೀರಿನೊಳಗೆ ಒಂದು ಸಣ್ಣ ಉಬ್ಬು ಕಾಣುತ್ತದೆ. ಟೈರು ಆ ಉಬ್ಬಿನ ಮಟ್ಟಕ್ಕೆ ಸವೆದಿದ್ದರೆ ಮಳೆಗಾಲ ಬರುವ ಮೊದಲೇ ಬದಲಿಸಿ. ಮಳೆಯಲ್ಲಿ ಗಾಳಿ ಕಡಿಮೆ ಮಾಡಿದರೆ ಹಿಡಿತ ಹೆಚ್ಚುತ್ತದೆ ಅನ್ನುವ ಮಾತು ನಂಬಬೇಡಿ. ಗಾಳಿ ಇಳಿದರೆ ಗೀರುಗಳು ಮುದುಡಿ ನೀರು ತಳ್ಳುವ ಕೆಲಸವೇ ಕೆಡುತ್ತದೆ.

ವೇಗದ ಬಗ್ಗೆ ಒಂದೇ ಮಾತು. ಗಂಟೆಗೆ 60 ಕಿಲೋಮೀಟರಿನಲ್ಲಿ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದರೆ ನಿಲ್ಲಲು ಸುಮಾರು 28 ಮೀಟರ್ ಬೇಕು. 40ಕ್ಕೆ ಇಳಿಸಿದರೆ 13 ಸಾಕು. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನೀವು ಅದೇ ಕಂಬ ದಾಟಲು ಒಣ ರಸ್ತೆಯಲ್ಲಿ 2 ಸೆಕೆಂಡ್ ಅಂತರ ಇಟ್ಟಿದ್ದರೆ, ಮಳೆಯಲ್ಲಿ 4 ಸೆಕೆಂಡ್ ಇಡಿ.

ಇಷ್ಟು ಓದಿ ನಾಳೆ ಟ್ರಾಫಿಕ್ಕಿನ ನಡುವೆ ಪರೀಕ್ಷೆ ಮಾಡಬೇಡಿ. ಮಳೆ ನಿಂತ ಮೇಲೆ ಖಾಲಿ, ಸಮತಟ್ಟಾದ ಜಾಗ ಹುಡುಕಿ. ಹೆಲ್ಮೆಟ್, ಗ್ಲೌಸ್, ಶೂ ಹಾಕಿಕೊಳ್ಳಿ, ಹಿಂದೆ ಯಾರೂ ಬೇಡ. ಗಂಟೆಗೆ 20 ಕಿಲೋಮೀಟರಿನಲ್ಲಿ ನೇರ ಹೋಗುತ್ತಾ ಮೊದಲು ಹಿಂದಿನದು ಮಾತ್ರ ಹಿಡಿದು ಎಲ್ಲಿ ನಿಂತಿರಿ ಅಂತ ಗುರುತಿಡಿ. ಆಮೇಲೆ ಎರಡನ್ನೂ ಮೆತ್ತಗೆ ಹಿಡಿದು ನಿಲ್ಲಿಸಿ. ಹತ್ತು ಹದಿನೈದು ಸಲ ಮಾಡಿದರೆ ಮುಂಭಾಗ ತಗ್ಗುವ ಆ ಕ್ಷಣ ಬೆರಳಿಗೆ ತಾನಾಗಿ ಗೊತ್ತಾಗತೊಡಗುತ್ತದೆ. ಎರಡು ಗುರುತುಗಳ ನಡುವೆ ಎಷ್ಟು ಹೆಜ್ಜೆ ಅಂತಲೂ ಒಮ್ಮೆ ನಡೆದು ಅಳೆದು ನೋಡಿ.