ರ್‍ಯಾಮ್ ಹಾಕಿಸುವ ಮುಂಚೆ ಈ ಪಟ್ಟಿ ನೋಡಿ

ಕಳೆದ ವಾರ ನಿವೃತ್ತ ಮೇಷ್ಟ್ರೊಬ್ಬರು ಲ್ಯಾಪ್‌ಟಾಪ್ ತಂದು ಅಂಗಡಿಯ ಮೇಜಿನ ಮೇಲಿಟ್ಟರು. "ಆನ್ ಮಾಡಿ ಕಾಫಿ ಕುಡಿದು ಬಂದ್ರೂ ಇನ್ನೂ ತಿರುಗ್ತಾನೇ ಇರುತ್ತೆ. ರ್‍ಯಾಮ್ ಹಾಕಿಬಿಡಿ" ಅಂದರು.

ರ್‍ಯಾಮ್ ಅಂದರೆ ಕೆಲಸ ನಡೆಯುವಾಗ ಕಂಪ್ಯೂಟರ್ ಬಳಸುವ ತಾತ್ಕಾಲಿಕ ಮೆಮೊರಿ. ನಾನು ಸ್ಕ್ರೂ ಬಿಚ್ಚಲಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದೆ. ಯಾವ ಪ್ರೋಗ್ರಾಂ ಓಡುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ಬಂತು. ಅದರಲ್ಲಿ 'ಸ್ಟಾರ್ಟಪ್ ಆ್ಯಪ್ಸ್', ಅಂದರೆ ಕಂಪ್ಯೂಟರ್ ಜೊತೆ ತಾವಾಗಿಯೇ ಶುರುವಾಗುವ ಪ್ರೋಗ್ರಾಂಗಳ ಪಟ್ಟಿ, ತೆರೆದರೆ 19 ಹೆಸರು! ಮೊಮ್ಮಗಳ ಆನ್‌ಲೈನ್ ಕ್ಲಾಸಿಗೆ ಹಾಕಿಸಿದ್ದ ಎರಡು ಮೀಟಿಂಗ್ ಆ್ಯಪ್, ಹಾಡು ಕೇಳುವ ಆ್ಯಪ್, ಯಾವತ್ತೋ ಮಾರಿಬಿಟ್ಟ ಪ್ರಿಂಟರಿನ ಪ್ರೋಗ್ರಾಂ. ಆನ್ ಮಾಡಿದ ಕೂಡಲೇ ಇವೆಲ್ಲ ಒಟ್ಟಿಗೆ ಎದ್ದು ಡಿಸ್ಕ್ ಮೇಲೆ ಮುಗಿಬೀಳುತ್ತವೆ. ಮೇಷ್ಟ್ರದ್ದು ಹಳೇ ಹಾರ್ಡ್ ಡಿಸ್ಕ್. ಅದರ ಓದುವ ಮುಳ್ಳು ಒಂದು ಸಲಕ್ಕೆ ಒಂದೇ ಜಾಗದಲ್ಲಿ ಇರಬಲ್ಲದು, ಅಲ್ವಾ? ಅಲ್ಲಿಂದ ಇಲ್ಲಿಗೆ ಓಡಾಡಿಯೇ ಹೊತ್ತು ಹೋಗುತ್ತದೆ. ಓಡಾಡುವ ಮುಳ್ಳೇ ಇಲ್ಲದ ಎಸ್‌ಎಸ್‌ಡಿ ಅನ್ನೋ ಬಗೆಯ ಡಿಸ್ಕ್ ಇದ್ದರೆ ಈ ಕಾಟ ಕಡಿಮೆ.

ಪಟ್ಟಿಯ ಪಕ್ಕದಲ್ಲೇ 'ಸ್ಟಾರ್ಟಪ್ ಇಂಪ್ಯಾಕ್ಟ್' ಅಂತ ಇರುತ್ತದೆ. ಪ್ರೊಸೆಸರಿನ ಒಂದು ಸೆಕೆಂಡಿಗಿಂತ ಜಾಸ್ತಿ ಸಮಯವನ್ನೋ, ಡಿಸ್ಕಿನಲ್ಲಿ 3 ಎಂಬಿಗಿಂತ ಜಾಸ್ತಿ ಓದು-ಬರಹವನ್ನೋ ತಿನ್ನುವ ಪ್ರೋಗ್ರಾಂಗೆ ವಿಂಡೋಸ್ 'ಹೈ' ಅಂತ ಹಾಕುತ್ತದೆ. ನಾನು ಮೊದಲು ನೋಡುವುದು ಅದನ್ನೇ. ಬೇಡದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸೇಬಲ್' ಕೊಟ್ಟರೆ ಆಯಿತು. ಆ್ಯಪ್ ಅಳಿಸಿಹೋಗುವುದಿಲ್ಲ. ಬೇಕಾದಾಗ ನೀವೇ ತೆರೆಯಬಹುದು, ಅಷ್ಟೇ.

ಆದರೆ ಸುಮ್ನೆ ಎಲ್ಲಕ್ಕೂ ಡಿಸೇಬಲ್ ಕೊಡಬೇಡಿ. ಆಂಟಿವೈರಸ್, ಟಚ್‌ಪ್ಯಾಡ್, ಆಡಿಯೋಗೆ ಸೇರಿದ್ದನ್ನು ನಾನು ಮುಟ್ಟುವುದಿಲ್ಲ. ಒಂದು ಡಿಟಿಪಿ ಅಂಗಡಿಯವರು ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ತಾನಾಗಿಯೇ ಶುರುವಾಗಲಿ ಅಂತ ಸ್ಟಾರ್ಟಪ್‌ಗೆ ಹಾಕಿಕೊಂಡಿದ್ದರು. ಯಾರೋ ಪರಿಚಯದವರು ಪಟ್ಟಿಯನ್ನೆಲ್ಲ ಆಫ್ ಮಾಡಿಕೊಟ್ಟರು. ಮರುದಿನ ಬೆಳಿಗ್ಗೆ ಮದುವೆ ಕಾರ್ಡ್ ಅರ್ಜೆಂಟು, ಕೀಬೋರ್ಡ್ ಒತ್ತಿದರೆ ಕನ್ನಡವೇ ಬರಲಿಲ್ಲ. ಪಾಪ, ಹೊಸ ಕೀಬೋರ್ಡ್ ಕೊಳ್ಳಲು ಹೊರಟಿದ್ದರು. ಅದಕ್ಕೇ ದಿನಕ್ಕೆ ಒಂದೆರಡು ಮಾತ್ರ ಆಫ್ ಮಾಡಿ. ಯಾವುದು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ವ್ಯತ್ಯಾಸ ನೋಡಲು 'ರೀಸ್ಟಾರ್ಟ್' ಕೊಡಿ, 'ಶಟ್ ಡೌನ್' ಅಲ್ಲ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಅದು ಆನ್ ಇದ್ದರೆ ಶಟ್ ಡೌನ್ ಮಾಡಿದಾಗ ವಿಂಡೋಸಿನ ಒಂದು ಭಾಗ ಡಿಸ್ಕಿನಲ್ಲಿ ಹಾಗೇ ಉಳಿದಿರುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್‌ನಲ್ಲಿ ಮಾತ್ರ.

ಇಷ್ಟಾದರೂ ಕೆಲವು ಪ್ರೋಗ್ರಾಂಗಳು ಮತ್ತೆ ತಲೆ ಎತ್ತುತ್ತವೆ. ಆ ಆ್ಯಪ್‌ನದ್ದೇ ಸೆಟ್ಟಿಂಗ್ಸ್‌ಗೆ ಹೋಗಿ, ಕಂಪ್ಯೂಟರ್ ಜೊತೆ ತಾನೂ ಶುರುವಾಗುವ ಆಯ್ಕೆಯ ಟಿಕ್ ತೆಗೆಯಿರಿ. ಆಗಲೂ ಕೇಳದಿದ್ದರೆ ಮೈಕ್ರೋಸಾಫ್ಟ್‌ನ ಆಟೋರನ್ಸ್ ಅನ್ನೋ ಉಚಿತ ಪ್ರೋಗ್ರಾಂ ಇದೆ. ರಿಜಿಸ್ಟ್ರಿ, ಸರ್ವಿಸ್, ಟಾಸ್ಕ್ ಶೆಡ್ಯೂಲರ್, ಹೀಗೆ ಪ್ರೋಗ್ರಾಂಗಳು ತಾವಾಗಿ ಶುರುವಾಗಲು ಅಡಗಿರುವ ವಿಂಡೋಸಿನ ಒಳಗಿನ ಮೂಲೆಗಳನ್ನೆಲ್ಲ ತೋರಿಸುತ್ತದೆ. ಗೊತ್ತಿರುವವರು ಪಕ್ಕದಲ್ಲಿದ್ದರೆ ಮಾತ್ರ ಅದನ್ನು ತೆರೆಯಿರಿ.

ಮೇಷ್ಟ್ರ ಪಟ್ಟಿಯಲ್ಲಿ ಆರು ಉಳಿಸಿದೆ. ಯಾವುದನ್ನು ತೆಗೆದದ್ದು ಅಂತ ಅವರು ತಮ್ಮ ಡೈರಿಯಲ್ಲಿ ಒಂದೊಂದಾಗಿ ಬರೆದುಕೊಂಡರು. ರ್‍ಯಾಮಿಗೆ ಅಂತ ತಂದಿದ್ದ ದುಡ್ಡನ್ನು ಒಂದು ಎಸ್‌ಎಸ್‌ಡಿಗೆ ಎತ್ತಿಡಿ ಅಂತ ಹೇಳಿ ಕಳಿಸಿದೆ.