ಪಿಪಿಒದ ಶೇಕಡಾ 50 ಮಡಿಕೇರಿಯಲ್ಲಿ ಏಕೆ ನಡೆಯುವುದಿಲ್ಲ?

ಸೇವೆಯಲ್ಲಿ ಗಾಯಗೊಂಡು ಊರಿಗೆ ಮರಳಿದ ಕೊಡಗಿನ ಮಾಜಿ ಸೈನಿಕರು ಕೇಳುವ ಪ್ರಶ್ನೆ ಸರಳವಾದದ್ದು. ಶೇ 50 ಅಂಗವೈಕಲ್ಯ ಎಂದು ಸೇನೆಯೇ ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶ) ನಮೂದಿಸಿರುವಾಗ ರಾಜ್ಯದ ಇಲಾಖೆ ಮತ್ತೊಂದು ಪ್ರಮಾಣಪತ್ರ ಕೇಳುವುದೇಕೆ?

ಮೊದಲ ಮಹಾಯುದ್ಧ ಮುಗಿದ ಮೇಲೆ 1919ರಲ್ಲಿ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಹುಟ್ಟಿತು, 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು, 1975ರಲ್ಲಿ ಆ ಬೋರ್ಡು ಕೇಂದ್ರೀಯ ಸೈನಿಕ ಮಂಡಳಿಯಾಯಿತು. ಅಷ್ಟರಲ್ಲಿ ಒಂದು ಹಂಚಿಕೆ ಗಟ್ಟಿಯಾಗಿತ್ತು: ಪಿಂಚಣಿ ಕೇಂದ್ರದ್ದು, ಊರಿಗೆ ಬಂದ ಮೇಲಿನ ಪುನರ್ವಸತಿ ಬಹುಪಾಲು ರಾಜ್ಯದ್ದು. ಎರಡರ ನಡುವೆ ಕಡತ ಹೊರುವ ಕೆಲಸ ಯಾರದೆಂದು ಯಾರೂ ಬರೆದಿಡಲಿಲ್ಲ. ಕಾರಿಯಪ್ಪ, ತಿಮ್ಮಯ್ಯ ಅವರ ಜಿಲ್ಲೆಯಲ್ಲೂ ಅದು ಸೈನಿಕನ ತಲೆಗೇ ಬಿತ್ತು.

ಮಾಜಿ ಸೈನಿಕ ಎಂಬ ಕಾರಣಕ್ಕೆ ಸಿಗುವ ಸವಲತ್ತುಗಳಿಗೆ ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಡಿಸ್ಚಾರ್ಜ್ ಬುಕ್ಕೇ ಮುಖ್ಯ ಆಧಾರ. ರಾಜ್ಯ ಸರ್ಕಾರಿ ನೇಮಕಾತಿಯ ಶೇ 10 ಮೀಸಲಾತಿ ಇಂಥದ್ದು. 1969ರ ಭೂ ಮಂಜೂರಾತಿ ನಿಯಮಗಳು ಹಂಚಿಕೆಗೆ ಲಭ್ಯವಿರುವ ಜಮೀನಿನಲ್ಲೂ ಶೇ 10ರಷ್ಟನ್ನು ಸೈನಿಕರು ಮತ್ತು ಮಾಜಿ ಸೈನಿಕರಿಗೆ ಮೀಸಲಿಟ್ಟವು. ಆದರೆ ಪೈಸಾರಿ (ಸರ್ಕಾರಿ ಜಮೀನು) ಎಂದು ತೋರಿಸಿದ ಜಾಗದ ಮೇಲೆ ಎಷ್ಟೋ ಕಡೆ ಅರಣ್ಯದ ತಕರಾರಿದೆ. ಅದು ಬೇರೆಯೇ ಕಥೆ.

ನಿಜವಾದ ಗೋಜಲು ಇರುವುದು ಅಂಗವೈಕಲ್ಯದ ಅಳತೆಯಲ್ಲಿ. ಸೇನೆಯ ವೈದ್ಯಕೀಯ ಮಂಡಳಿ ಎರಡು ಸಂಗತಿ ನೋಡುತ್ತದೆ: ದೇಹಕ್ಕೆ ಎಷ್ಟು ಹಾನಿಯಾಗಿದೆ, ಆ ಹಾನಿ ಸೇವೆಯಿಂದ ಉಂಟಾಯಿತೇ ಅಥವಾ ಉಲ್ಬಣಿಸಿತೇ. ಅಲ್ಲಿ ಶೇ 20 ಇದ್ದರೂ ಪಿಂಚಣಿಗೆ ಅರ್ಹತೆ ಉಂಟು. 1996ರಿಂದ ಈ ಅಂಕಿಯನ್ನು ಮೇಲಕ್ಕೆ ಸರಿಹೊಂದಿಸುವ ಪದ್ಧತಿ ಬಂದು, ಅರ್ಹರ ಪೈಕಿ 50ಕ್ಕಿಂತ ಕಡಿಮೆ ಇದ್ದವರಿಗೂ 50ರ ಲೆಕ್ಕದಲ್ಲಿ ಪಿಂಚಣಿ ದೊರೆಯಿತು. ಮೊದಲು ಬೋರ್ಡ್ ಔಟ್ ಆದವರಿಗೆ, ಅಂದರೆ ವೈದ್ಯಕೀಯ ಕಾರಣಕ್ಕೆ ಸೇವೆಯಿಂದ ಬಿಡುಗಡೆಯಾದವರಿಗಷ್ಟೇ ಇದ್ದ ಈ ಲಾಭವನ್ನು ಪೂರ್ಣ ಸೇವೆ ಮುಗಿಸಿ ನಿವೃತ್ತರಾದವರಿಗೂ ಕೊಡಬೇಕೆಂಬುದನ್ನು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ಎತ್ತಿಹಿಡಿಯಿತು. ನ್ಯಾಯವಾದದ್ದೇ. ಆದರೆ ಏರಿದ್ದು ಪಿಂಚಣಿಯ ಲೆಕ್ಕ, ಮಂಡಿಯ ನೋವಲ್ಲ.

ನಾಗರಿಕ ಕಾನೂನು ಇನ್ನೊಂದು ದಾರಿಯಲ್ಲಿ ಬೆಳೆಯಿತು. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಬಹುತೇಕ ಸೌಲಭ್ಯಗಳಿಗೆ ಶೇ 40ರ ಗೆರೆ ಎಳೆಯಿತು. ಗಾಯ ಗಡಿಯಲ್ಲಿ ಆಯಿತೋ ಗದ್ದೆಯಲ್ಲೋ ಅದಕ್ಕೆ ಬೇಕಿಲ್ಲ. ಹೀಗಾಗಿ ರಕ್ತದೊತ್ತಡಕ್ಕೆ ಸೇನೆ ಕೊಟ್ಟ ಶೇ 30, ಪಿಪಿಒದಲ್ಲಿ 50 ಆಗಿ, ಆ 21ರ ಪಟ್ಟಿಯಲ್ಲಿ ಜಾಗವೇ ಇಲ್ಲದೆ ನಿಲ್ಲುತ್ತದೆ. 2021ರ ಜೂನ್‌ನಿಂದ ಅಂಗವೈಕಲ್ಯ ಪ್ರಮಾಣಪತ್ರವನ್ನು ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಜಾಲತಾಣದ ಮೂಲಕವೇ ನೀಡಬೇಕಾಗಿದೆ. ರಾಜ್ಯದ ಬಸ್ ಪಾಸ್, ಸಾಧನ ಸಲಕರಣೆಗಳಿಗೆ ಕೇಳುವುದು ಇದನ್ನೇ. ಮಾಸಾಶನಕ್ಕಂತೂ ಆದಾಯ ಮಿತಿ ಇರುವುದರಿಂದ ಸೇನಾ ಪಿಂಚಣಿದಾರರಿಗೆ ಅದು ದಕ್ಕುವುದು ಕಷ್ಟ.

ರಕ್ತದೊತ್ತಡದ ಪ್ರಕರಣದಲ್ಲಿ ಮರುಪರೀಕ್ಷೆ ಬೇಕೆಂದರೆ ಒಪ್ಪಬಹುದು. ನೆಲಬಾಂಬಿಗೆ ಕಾಲು ಕಳೆದುಕೊಂಡವರೂ ಕುಟ್ಟದಿಂದಲೋ ಶನಿವಾರಸಂತೆಯಿಂದಲೋ ಮಳೆಯಲ್ಲಿ ಮಡಿಕೇರಿಗೆ ಬಂದು, ಕಾಲಿಲ್ಲವೆಂದು ಇನ್ನೊಮ್ಮೆ ತೋರಿಸಬೇಕೇ? ಸೇನಾ ಮಂಡಳಿಯ ಮೂಲ ವರದಿಯಲ್ಲಿ ಗಾಯದ ವಿವರವೆಲ್ಲ ಇರುತ್ತದೆ. ಅದನ್ನೇ ಓದಿ ನಾಗರಿಕ ಮಾನದಂಡಕ್ಕೆ ಇಳಿಸುವುದು ವೈದ್ಯರಿಗೆ ಅಸಾಧ್ಯವೇನಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಸೇನೆಯ ನಿಯಮಗಳೇ ಬದಲಾದವು. ಅಂಗವೈಕಲ್ಯವಿದ್ದೂ ಸೇವೆಯಲ್ಲಿ ಮುಂದುವರಿದು ನಿವೃತ್ತರಾಗುವವರಿಗೆ ಈಗ ಸಿಗುವುದು ‘ಇಂಪೇರ್‌ಮೆಂಟ್ ರಿಲೀಫ್’, ಅಂದರೆ ದೇಹದ ಹಾನಿಗೆ ಪರಿಹಾರ. ಪಿಪಿಒವನ್ನು ಮೊದಲೇ ಅನುಮಾನದಿಂದ ನೋಡುತ್ತಿದ್ದ ಗುಮಾಸ್ತರಿಗೆ ಇದು ಇನ್ನೊಂದು ಹೊಸ ಪದ.

ಶೇಕಡಾವಾರು ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೂ ಎರಡು ದಾರಿ. ಸೇನೆಯ ಅಂಕಿಯ ವಿವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗುತ್ತದೆ. ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಯಲ್ಲಿದೆ. ಯುಡಿಐಡಿಯ ಅಂಕಿಯ ವಿವಾದವನ್ನು ಕೇಳುವುದು ರಾಜ್ಯ ಸರ್ಕಾರ ನೇಮಿಸಿದ ಮೇಲ್ಮನವಿ ಪ್ರಾಧಿಕಾರ. ಒಂದು ಕಡೆ ಗೆದ್ದ ಆದೇಶ ಇನ್ನೊಂದು ಕಡೆಯ ಅಂಕಿಯನ್ನು ಬದಲಿಸುವುದಿಲ್ಲ.